ಎಲೆಗೆ ಅಡ್ಡ ಹಿಡಿದ ಕೈ

ಆ ವರ್ಷ ನಮ್ಮ ಚೆಂಬೂರಿನ ಕನ್ನಡ ಸಂಘಕ್ಕೆ ಅಮೆರಿಕದ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಸಾವಿರದ ಒಂಬೈನೂರ ಐವತ್ತೊಂದರ ಮೇ ತಿಂಗಳು. ರೇಷನ್ ಇಳಿಯುತ್ತಾ ಇಳಿಯುತ್ತಾ ಅಮ್ಮ ಅಕ್ಕಿ ಅಳೆಯುವ ಪಾವನ್ನು ಮೇಲಟ್ಟಕ್ಕೆ ಹಾಕಿ ಚಟಾಕನ್ನು ಕೆಳಗಿಳಿಸಿದ್ದಳು. ಅಮೆರಿಕ ಗೋಧಿ ಕೊಡುತ್ತದಂತೆ, ಅಧ್ಯಕ್ಷರು ಹೂಂ ಎಂದಿದ್ದಾರಂತೆ, ಅಲ್ಲಿನ ಸಂಸತ್ತಿನವರು ಇನ್ನೂ ಚರ್ಚೆ ಮಾಡುತ್ತಿದ್ದಾರಂತೆ ಎಂದು ಪತ್ರಿಕೆಗಳು ಫೆಬ್ರವರಿಯಿಂದ ಬರೆಯುತ್ತಲೇ ಇದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಅಮೆರಿಕದಲ್ಲೂ ನಿಜವೆಂದು ನಮಗೆ ಆಗ ತಿಳಿಯಿತು.

ನನ್ನ ತಂದೆ ವೆಂಕಟಸುಬ್ಬಯ್ಯನವರು ಸಂಘದ ಕಾರ್ಯದರ್ಶಿ. ರೈಲ್ವೆ ಕಚೇರಿಯಲ್ಲಿ ಹೆಡ್ ಗುಮಾಸ್ತರಾಗಿದ್ದ ಅವರಿಗೆ, ಸರಿಯಾಗಿ ಬರೆದ ಒಂದು ಗೊತ್ತುವಳಿಯಿಂದ ಆಗದ ಕೆಲಸ ಭೂಮಿಯ ಮೇಲೆ ಯಾವುದೂ ಇಲ್ಲವೆಂಬ ನಂಬಿಕೆ. ಆದ್ದರಿಂದ ಒಂದು ಚರ್ಚಾಕೂಟ ಏರ್ಪಡಿಸಿದರು. ಹೊರದೇಶದಲ್ಲಿ ಕ್ಷಾಮವೋ ನರಮೇಧವೋ ನಡೆಯುತ್ತಿರುವಾಗ ಅದನ್ನು ತಡೆಯುವುದು ಬಲಿಷ್ಠ ಸರ್ಕಾರದ ನೈತಿಕ ಕರ್ತವ್ಯ ಎಂಬುದು ವಿಷಯ. ಬಹುಮತ ಬಂದರೆ ಗೊತ್ತುವಳಿಯ ಪ್ರತಿಯನ್ನು ನೇರವಾಗಿ ಅಮೆರಿಕ ಸರ್ಕಾರಕ್ಕೆ ಕಳಿಸುವುದು. ಅದಕ್ಕೆಂದು ಉದ್ದನೆಯ ಲಕೋಟೆಯೊಂದನ್ನು ತಂದು ವಿಳಾಸವನ್ನೂ ಬರೆದಿಟ್ಟಿದ್ದರು.

ನರಮೇಧ ಎಂಬ ಮಾತನ್ನು ಹಟ ಹಿಡಿದು ಸೇರಿಸಿದ್ದು ಅಪ್ಪನೇ. ಯುರೋಪಿನಲ್ಲಿ ಯುದ್ಧದ ಹೊತ್ತಿಗೆ ಏನು ನಡೆದಿತ್ತೆಂದು ಓದಿದ ದಿನ ಅವರು ರಾತ್ರಿಯ ಊಟ ಬಿಟ್ಟಿದ್ದರು. ಅಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ನಮ್ಮ ಬಿಲ್ಡಿಂಗಿನ ಹಿಂದೆಯೇ, ದೇಶ ಒಡೆದಾಗ ಓಡಿ ಬಂದ ಸಿಂಧಿ ನಿರಾಶ್ರಿತರ ಕ್ಯಾಂಪು. ಅಲ್ಲಿಯ ಮುದುಕಿಯೊಬ್ಬಳು ನಮ್ಮಮ್ಮನಿಗೆ ಹಪ್ಪಳ ಕೊಡಲು ಬಂದಾಗಲೆಲ್ಲ, ಕಾಣೆಯಾದ ಮಗಳ ಗುರುತು ಹೇಳಿ ಹೋಗುತ್ತಿದ್ದಳು.

ಚರ್ಚೆಗೆ ಜಾಗ ಕೊಟ್ಟವರು ಕೊರಗಪ್ಪನವರು. ಉಡುಪಿ ಕಡೆಯ ಕಾಪುವಿನವರು, ಸ್ಟೇಷನ್ ರಸ್ತೆಯಲ್ಲಿ ‘ಕಾಪು ಲಂಚ್ ಹೋಮ್’ ನಡೆಸುತ್ತಿದ್ದರು. ಮೇಲಿನ ಕೋಣೆಯೂ ಅವರದೇ, ಕೊನೆಯಲ್ಲಿ ಕೊಡುವ ಚಾ, ಸಜ್ಜಿಗೆಯೂ ಅವರದೇ. ನಮ್ಮ ಉಪ್ಪಿಟ್ಟಿಗೆ ಅವರ ಕಡೆ ಸಜ್ಜಿಗೆ ಎನ್ನುತ್ತಾರೆ. ಮತ ಹಾಕಿದ ಮೇಲೆಯೇ ತಿಂಡಿ ಎಂಬುದು ಅಪ್ಪನ ಕಟ್ಟಪ್ಪಣೆ. ಮೊದಲೇ ಕೊಟ್ಟರೆ ಮತ ಹಾಕಲು ಯಾರೂ ಉಳಿಯುವುದಿಲ್ಲವೆಂದು ಅವರಿಗೆ ಹಿಂದಿನ ವರ್ಷ ಗೊತ್ತಾಗಿತ್ತು.

ಚೀಟಿ ಎತ್ತಿದಾಗ ಪರವಾಗಿ ಮಾತಾಡುವ ಪಾಳಿ ನನಗೆ ಬಂತು. ವಿರೋಧವಾಗಿ ಮಾತಾಡಲು, ಅಂದರೆ ಅಮೆರಿಕವಾಗಲು, ಕೇಶವಮೂರ್ತಿಯವರ ಹೆಸರು ಬಂತು. ಅಪ್ಪ ಆ ಹೆಸರನ್ನು ಓದಿದ ಕೂಡಲೇ ನನ್ನ ಕೈಯಲ್ಲಿದ್ದ ಚೀಟಿಯನ್ನು ಮತ್ತೊಮ್ಮೆ ಬಿಚ್ಚಿ ನೋಡಿದೆ. ಆಗ ನನಗೆ ಇಪ್ಪತ್ತೊಂದು. ಆ ಮನುಷ್ಯನನ್ನು ಕಂಡರೆ ನನಗೆ ಇಷ್ಟವಿತ್ತು. ಅದನ್ನು ಸುತ್ತಿ ಬಳಸಿ ಹೇಳುವುದಕ್ಕೆ ಈಗ ನನಗೆ ವಯಸ್ಸೂ ಇಲ್ಲ, ತಾಳ್ಮೆಯೂ ಇಲ್ಲ.

ಆದರೆ ಆ ಇಷ್ಟದ ಜೊತೆಗೆ ಎದೆಯ ಮೇಲೆ ಒಂದು ಕಲ್ಲೂ ಇತ್ತು. ಕೇಶವಮೂರ್ತಿ ಮೈಸೂರಿನವರು, ಡ್ರಾಫ್ಟ್ಸ್‌ಮನ್. ಕುರ್ಲಾದಲ್ಲಿ ನಾನು ಟೈಪಿಸ್ಟ್ ಆಗಿದ್ದ ಕಂಪನಿಯಲ್ಲೇ ನಕ್ಷೆ ಬರೆಯುತ್ತಿದ್ದರು. ಏಪ್ರಿಲಿನಲ್ಲಿ ಕಂಪನಿ ಏಳು ಜನರನ್ನು ತೆಗೆಯಿತು. ‘ನಿಮ್ಮ ಸೇವೆ ಇನ್ನು ಅಗತ್ಯವಿಲ್ಲ’ ಎಂಬ ಕಾಗದವನ್ನು ಅವರ ಹೆಸರಿಗೆ ಟೈಪ್ ಮಾಡಿದವಳು ನಾನೇ. ಒಂದು ತಪ್ಪಾದರೂ ಆಗಿದ್ದರೆ ಕಾಗದ ಒಂದು ದಿನ ತಡವಾಗುತ್ತಿತ್ತೋ ಏನೋ. ನನ್ನ ಬೆರಳುಗಳು ಆವತ್ತು ಅಚ್ಚುಕಟ್ಟಾಗಿ ಕೆಲಸ ಮಾಡಿದವು.

ಕೆಲಸ ಹೋದ ವಿಷಯ ಸಂಘದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಸಂಜೆ ಕುರ್ಲಾ ಸ್ಟೇಷನ್ನಿನಲ್ಲಿ ಅವರನ್ನು ಕಂಡೆ. ಸೊಂಟದ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ನಕ್ಷೆ ಬರೆಯುವ ಕೈವಾರದ ಮೊನೆಯಿಂದ ಚುಚ್ಚಿದ್ದು, ಬಹಳ ನೀಟಾಗಿತ್ತು. ಅದರ ಪಕ್ಕದಲ್ಲಿ ಇನ್ನೂ ಹೊಸದೊಂದು ತೂತು. ಮನುಷ್ಯ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಿದ್ದಾನೆಂದು ನನಗೆ ಹೊಳೆಯಿತು. ನಾನು ನೋಡಿದ್ದನ್ನು ಅವರೂ ನೋಡಿದರು. ಮುಂದಿನ ಸೋಮವಾರ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಕೆಲಸದ ಪರೀಕ್ಷೆ ಇದೆ, ಬೆಳಗಿನಿಂದ ಸಂಜೆಯವರೆಗೆ ನಿಂತು ನಕ್ಷೆ ಬರೆಯಬೇಕು, ಅಷ್ಟರವರೆಗೆ ಹೇಗೋ ಆಗುತ್ತದೆ ಎಂದರು. ಆಮೇಲೆ ನಗುತ್ತಲೇ ಹೇಳಿದರು:

“ಈ ವಿಷಯ ನಿಮ್ಮ ಬಾಯಿಂದ ಸಂಘದಲ್ಲಿ ಯಾರಿಗಾದರೂ ಗೊತ್ತಾದರೆ, ಪಂಕಜಾ ಅವರೇ, ನಾನು ಮಾರನೆಯ ದಿನವೇ ಮೈಸೂರು ರೈಲು ಹತ್ತಿಬಿಡ್ತೀನಿ. ಪರೀಕ್ಷೆಗೂ ಹೋಗೋದಿಲ್ಲ.”

ನನ್ನ ಡಬ್ಬಿಯಲ್ಲಿ ಎರಡು ಚಪಾತಿ ಉಳಿದಿದ್ದವು. ಕೊಡಲು ಹೋದೆ. ಬೇಡ, ಈಗ ತಾನೇ ಆಯಿತು ಎಂದರು.

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಮೈಸೂರಿನವರು ಕೊಟ್ಟದ್ದನ್ನು ಮೊದಲ ಸಲಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರಾಣ ಹೋಗುತ್ತಿದ್ದರೂ ಎಲೆಗೆ ಕೈ ಅಡ್ಡ ಹಿಡಿದು ಬೇಡ ಎನ್ನುತ್ತೇವೆ. ಎರಡನೆಯ ಸಲವೂ ಬೇಡ. ಮೂರನೆಯ ಸಲ, ನಿಮ್ಮ ಬಲವಂತಕ್ಕೆ ಎಂದು ಕೈ ತೆಗೆಯುತ್ತೇವೆ. ಬಲವಂತ ಮಾಡುವುದು ಮನೆಯ ಹೆಂಗಸರ ಕೆಲಸ, ತಾಯಿಯದೋ ಅತ್ತೆಯದೋ. ಮದುವೆಯಾಗದ ಹುಡುಗಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಗಂಡಸಿಗೆ ಮೂರು ಸಲ ತಿನ್ನಿ ತಿನ್ನಿ ಎನ್ನುವ ಹಾಗಿಲ್ಲ. ಅದರಲ್ಲೂ ನಮ್ಮ ಬೀದಿಯ ಇಬ್ಬರು ಗುಮಾಸ್ತರು ಅಲ್ಲೇ ನಿಂತು, ಟೈಂಟೇಬಲ್ ಓದುವವರಂತೆ ನಮ್ಮನ್ನು ಓದುತ್ತಿದ್ದರು. ನಾನು ಡಬ್ಬಿ ಮುಚ್ಚಿದೆ.

ಮನೆಗೆ ಕರೆಸೋಣವೆಂದರೆ ರೇಷನ್ ಕಡಿಮೆಯಾದ ಮೇಲೆ ನಮ್ಮ ಮನೆಯ ಬಲವಂತವೂ ಮೂರು ಸುತ್ತಿನಿಂದ ಒಂದಕ್ಕೆ ಇಳಿದಿತ್ತು. ನಮ್ಮಮ್ಮ ಪುಟ್ಟಲಕ್ಷ್ಮಿ ಅತಿಥಿಗಳನ್ನು ಒಂದೇ ಸಲ ಕೇಳಿ, ಅವರು ಪದ್ಧತಿಯಂತೆ ಬೇಡ ಎಂದ ಕೂಡಲೇ ಪಾತ್ರೆ ಒಳಗಿಟ್ಟು, ಆಮೇಲೆ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊರಗಪ್ಪನವರ ಹೋಟೆಲಿನ ಕಥೆ ಇನ್ನೂ ಚೆಂದ. ಅವರು ಮೆಟ್ಟಿಲು ಹತ್ತಿದ ಪ್ರತಿಯೊಬ್ಬನನ್ನೂ “ಊಟ ಆಯ್ತಾ?” ಎಂದು ಕೇಳುತ್ತಿದ್ದರು. ಆಗಿಲ್ಲವೆಂದರೆ ಕಾಸು ಕೇಳದೆ ಬಡಿಸುತ್ತಿದ್ದರು. ಆದರೆ ಕರಾವಳಿಯ ಮನುಷ್ಯ. ಬೇಡ ಎಂದರೆ ಬೇಡ ಎಂದೇ ಅರ್ಥ ಮಾಡಿಕೊಂಡು ಮುಂದಿನ ಎಲೆಗೆ ಹೋಗಿಬಿಡುವರು. ಕೇಶವಮೂರ್ತಿ ಮೂರು ವಾರದಿಂದ ಸಂಘದ ಪತ್ರಿಕೆ ಓದುವ ನೆಪದಲ್ಲಿ ಆ ಮೆಟ್ಟಿಲು ಹತ್ತುತ್ತಿದ್ದರು, ಕೊರಗಪ್ಪನವರು ಒಂದು ಸಲ ಕೇಳುತ್ತಿದ್ದರು, ಅವರು ಆಯ್ತು ಎನ್ನುತ್ತಿದ್ದರು. ಇಬ್ಬರು ಮರ್ಯಾದಸ್ಥರ ನಡುವೆ ಅನ್ನದ ಪಾತ್ರೆ ಸುಮ್ಮನೆ ತಣ್ಣಗಾಗುತ್ತಿತ್ತು.

ಭಾನುವಾರ ನಾಲ್ಕು ಗಂಟೆಗೆ ಕೋಣೆ ತುಂಬಿತು. ಅಪ್ಪ ಅಂದಿನ ಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ ಹಿತ್ತಾಳೆ ಗಂಟೆ ಇಟ್ಟುಕೊಂಡು ಕೂತರು. ಕೆಳಗಿನಿಂದ ಸಾಸಿವೆ ಸಿಡಿದ ವಾಸನೆ ಮೇಲೇರಿ ಬಂತು. ಕುರ್ಲಾದಿಂದ ಬಿಸಿಲಲ್ಲಿ ನಡೆದೇ ಬಂದಿದ್ದ ಅಮೆರಿಕದ ಮುಖ ಬಿಳಿಚಿಕೊಂಡಿದ್ದರೂ ಕಣ್ಣು ಹೊಳೆಯುತ್ತಿತ್ತು. ಹಸಿವು ಒಂದು ಹಂತ ದಾಟಿದರೆ ತಲೆ ಹಗುರಾಗಿ, ಮಾತು ತಾನಾಗಿ ಓಡುತ್ತದಂತೆ. ಆವತ್ತು ಅವರ ಮಾತು ಗಾಳಿಪಟದ ಹಾಗೆ ಏರಿತು.

“ಅಧ್ಯಕ್ಷರೇ, ನಾನು ಅಮೆರಿಕ,” ಎಂದು ಶುರು ಮಾಡಿದರು. “ಸೌಟು ನನ್ನ ಕೈಯಲ್ಲಿದೆ, ಒಪ್ಪಿಕೊಳ್ತೀನಿ. ಆದರೆ ಎಲೆ ಯಾರದು? ಮುಂದೆ ಕೂತವನದು. ಅವನು ಕೈ ಅಡ್ಡ ಹಿಡಿದರೆ ನಾನು ಮುಂದಿನ ಎಲೆಗೆ ಹೋಗಬೇಕು. ಹಸಿದಿದ್ದೀನಿ ಅಂತ ಅವನು ಹೇಳದೆ ಇರುವಾಗ ಹಸಿದಿದ್ದೀಯ ಅಂತ ನಾನು ಹೇಳಿದರೆ, ಅವನ ಮನೆ ಬಾಗಿಲು ಒದ್ದ ಹಾಗೆ.”

ಕೋಣೆ ಚಪ್ಪಾಳೆಯಿಂದ ತುಂಬಿತು. ಹಿಂದಿನ ಸಾಲಿನಿಂದ ಯಾರೋ, ಹಸಿವಾದರೆ ಸರಿ, ಆ ಮನೆಯೊಳಗೆ ಕೊಲೆ ನಡೆಯುತ್ತಿದ್ದರೆ ಏನು ಮಾಡುವಿರಿ ಎಂದು ಕೇಳಿದರು. ಕಿಟಕಿ ಹಾಕಿದ ಮನೆಯೊಳಗಿನ ಕೂಗು ನಿಜವೋ ರೇಡಿಯೋ ನಾಟಕವೋ ಹೊರಗಿನವರಿಗೆ ಹೇಗೆ ಗೊತ್ತು ಎಂದು ಅಮೆರಿಕ ಉತ್ತರ ಕೊಟ್ಟಿತು. ಜನ ನಕ್ಕರು. ನಕ್ಕವರು ಹಾಗೇ ಸುಮ್ಮನಾದರು, ಏಕೆಂದರೆ ಆ ಕೋಣೆಯ ಕಿಟಕಿಯಿಂದ ಕ್ಯಾಂಪಿನ ತಗಡಿನ ಮಾಡುಗಳು ಕಾಣುತ್ತಿದ್ದವು. ಮಾತಾಡಿದವರಿಗೂ ಅದು ನಾಟಿರಬೇಕು, ಮಾತು ಅಲ್ಲಿಗೇ ಮುಗಿಸಿದರು. ಆಮೇಲೆ ಕೂತರು, ಅಲ್ಲ, ಕುರ್ಚಿಗೆ ಬಿದ್ದರು. ಬಲಗೈ ಮೇಜನ್ನು ಹಿಡಿದುಕೊಂಡಿತ್ತು. ಅದರ ನಡುಕಕ್ಕೆ ಅಪ್ಪನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಅಲೆ ಏಳುತ್ತಿದ್ದವು.

ನನ್ನ ಪಾಳಿ ಬಂತು. ಅಪ್ಪ ಬರೆದುಕೊಟ್ಟ ಎಂಟು ಹಾಳೆ ನನ್ನ ಕೈಯಲ್ಲಿದ್ದವು. ಮೊದಲ ಹಾಳೆಯಲ್ಲಿ ಅಶೋಕ ಚಕ್ರವರ್ತಿ, ಎಂಟನೆಯದರಲ್ಲಿ ವಿಶ್ವಸಂಸ್ಥೆ. ಅಶೋಕನಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಈ ಮನುಷ್ಯ ಮೇಜಿನ ಕೆಳಗಿರುತ್ತಾನೆ ಎಂದು ನನಗೆ ಭಯವಾಯಿತು. ಬಾಯಿ ಬಿಟ್ಟು ಹೇಳಿದರೆ ಮೈಸೂರು ರೈಲು. ಹೇಳದಿದ್ದರೆ ನಾಳೆ ವಿಕ್ರೋಳಿಯಲ್ಲಿ ಅವರು ಒಂದು ಗಂಟೆಯೂ ನಿಲ್ಲಲಾರರು. ಹಾಳೆಗಳನ್ನು ಮಡಿಸಿ ಕುರ್ಚಿಯ ಮೇಲಿಟ್ಟೆ.

“ಅಧ್ಯಕ್ಷರೇ, ಸೌಟು ಹಿಡಿದವನಿಗೆ ದೇವರು ಬರೀ ಕಿವಿ ಕೊಟ್ಟಿದ್ದಾನೆಯೇ? ಕಣ್ಣು ಕೊಟ್ಟಿಲ್ಲವೇ? ಎಲ್ಲ ದೇಶವೂ ಕೇಳಿಕೊಂಡು ಬರೋದಿಲ್ಲ. ಕೆಲವಕ್ಕೆ ಮಾನ ಅಡ್ಡ, ಕೆಲವಕ್ಕೆ ಬಾಯಿ ಮುಚ್ಚಿಸಿರ್ತಾರೆ. ಅಡ್ಡ ಹಿಡಿದ ಕೈ ಬೇಡ ಅನ್ನುತ್ತೆ, ಸರಿ. ಆದರೆ ಆ ಕೈ ನಡುಗ್ತಾ ಇದ್ದರೆ? ಬಡಿಸೋನು ಬಾಯಿ ಮಾತು ಕೇಳಬೇಕೋ, ಕೈ ನೋಡಬೇಕೋ?”

ಅಷ್ಟೇ ಹೇಳಿ ಕೂತೆ. ಸಭೆ ಇದನ್ನು ಒಳ್ಳೆಯ ಅಲಂಕಾರವೆಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು. ಮಗಳು ಅಶೋಕನನ್ನು ಬಿಟ್ಟದ್ದಕ್ಕೆ ಅಪ್ಪ ಮುಖ ಸಿಂಡರಿಸಿದರು. ಮೆಟ್ಟಿಲ ಬಾಗಿಲಿನಲ್ಲಿ ಸೌಟು ಹಿಡಿದು ನಿಂತಿದ್ದ ಕೊರಗಪ್ಪನವರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರ ಕಣ್ಣು ಅಪ್ಪನ ಲೋಟದ ನೀರಿಗೆ ಹೋಯಿತು, ಅಲ್ಲಿಂದ ಮೇಜು ಹಿಡಿದ ಕೈಗೆ, ಅಲ್ಲಿಂದ ಬೆಲ್ಟಿನ ತೂತುಗಳಿಗೆ. ಮೂವತ್ತು ವರ್ಷ ಬಡಿಸಿದ ಕಣ್ಣು ಅದು.

ತನಗೆ ಎರಡು ಮಾತು ಹೇಳಲಿಕ್ಕುಂಟು ಎಂದು ಅವರು ಕೇಳಿಕೊಂಡರು. ಮಾತಾಡುವವರು ಗುರುವಾರದೊಳಗೆ ಹೆಸರು ಕೊಡಬೇಕಾಗಿತ್ತೆಂದು ಅಪ್ಪ ಗಂಟೆ ಬಾರಿಸಿದರು. ಮಾತಾಡಲಿಕ್ಕುಂಟೆಂದು ಗುರುವಾರ ತನಗೇ ಗೊತ್ತಿರಲಿಲ್ಲ ಎಂದು ಹೇಳಿ ಕೊರಗಪ್ಪನವರು ಮಾತು ಶುರು ಮಾಡಿಯೇಬಿಟ್ಟರು.

“ನಲವತ್ಮೂರರ ಬಂಗಾಲದ ಬರಗಾಲದಲ್ಲಿ ನಾನು ಕಲ್ಕತ್ತದಲ್ಲಿದ್ದೆ, ಒಂದು ಹೋಟ್ಲಲ್ಲಿ ಅಡಿಗೆಗೆ. ಅಲ್ಲಿ ಜನ ಅನ್ನ ಕೇಳ್ಲಿಲ್ಲ ಮಾರಾಯ್ರೆ. ಅನ್ನ ಬಸಿದ ತಿಳಿ ಉಂಟಲ್ಲ, ಅದನ್ನು ಕೇಳಿದ್ರು. ಒಬ್ಬನಿಗೆ ಕೊಟ್ರೆ ನೂರು ಜನ ಬರ್ತಾರೆ, ಬಾಗ್ಲು ಹಾಕು ಅಂತ ಧಣಿ ಹೇಳಿದ್ರು. ನಾನು ಹಾಕಿದೆ. ತಿಳಿಯನ್ನು ಚರಂಡಿಗೆ ಚೆಲ್ಲಿದೆ. ಲಂಡನ್ನಿನ ಸರ್ಕಾರ ಎಂತ ಮಾಡ್ಬೇಕಿತ್ತು, ಎಂತ ಮಾಡ್ಲಿಲ್ಲ, ಅದು ನೀವು ಓದಿದವರು ಹೇಳಿ. ಬಾಗ್ಲು ಹಾಕಿದ್ದು ನಾನೇ.”

ಗಂಟೆಯ ಮೇಲಿದ್ದ ಅಪ್ಪನ ಕೈ ಹಾಗೇ ಉಳಿಯಿತು. ಕೊರಗಪ್ಪನವರು ಕೆಳಗಿಳಿದು ಹೋದರು. ಮರಳಿ ಬಂದಾಗ ಒಂದು ಕೈಯಲ್ಲಿ ಹೊಗೆಯಾಡುವ ಸಜ್ಜಿಗೆಯ ಬೋಗುಣಿ, ಕಂಕುಳಲ್ಲಿ ಬಾಳೆಲೆ ತುಂಡುಗಳು. ಇನ್ನೂ ಮತ ಆಗಿಲ್ಲ, ಮತ ಆಗಿಲ್ಲ ಎಂದು ಅಪ್ಪ ಎರಡು ಸಲ ಹೇಳಿದರು. ಅವರು ನೇರವಾಗಿ ಅಮೆರಿಕದ ಮುಂದೆ ಮೊದಲ ಎಲೆ ಹಾಕಿದರು. ದೊಡ್ಡ ದೇಶ, ಊರಿಗೆಲ್ಲ ಕೊಡಲಿಕ್ಕೆ ತ್ರಾಣ ಬೇಕಲ್ಲ ಎಂದರು. ಎಲ್ಲರೂ ನಕ್ಕರು.

ಕೇಶವಮೂರ್ತಿ ಎಲೆಗೆ ಕೈ ಅಡ್ಡ ಹಿಡಿದರು. ಬೇಡ, ಈಗ ತಾನೇ ಆಯಿತು.

ಕೊರಗಪ್ಪನವರು ಮುಂದಿನ ಎಲೆಗೆ ಹೋಗಲಿಲ್ಲ. ಅವರ ಹೋಟೆಲಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಎರಡನೆಯ ಸಲ ಕೇಳಿದರು. ಎರಡನೆಯ ಸಲವೂ ಬೇಡ ಎಂಬ ಉತ್ತರ ಬಂತು. ಮೈಸೂರಿನವರೆಲ್ಲ ಮುಂದಕ್ಕೆ ಬಾಗಿದರು, ಇನ್ನೊಂದು ಬಾಕಿ ಇದೆಯೆಂದು ನಮಗೆಲ್ಲ ಗೊತ್ತು. ಆದರೆ ಆ ಕರಾವಳಿಯ ಮನುಷ್ಯನಿಗೆ ನಮ್ಮ ಲೆಕ್ಕ ಎಲ್ಲಿಂದ ಗೊತ್ತಿರಬೇಕು? ಅವರು ಮೂರನೆಯ ಸಲ ಕೇಳಲೇ ಇಲ್ಲ. ತುಂಬಿದ ಸೌಟನ್ನು ಆ ಕೈಯ ಮೇಲೆ ನೇರವಾಗಿ ಎತ್ತಿ ಹಿಡಿದರು.

“ಕೈ ತೆಗಿ ಮಾರಾಯ. ಬಿಸಿ ಉಂಟು. ನಾನು ಹಾಕುವವನೇ.”

ಕೈ ಹಿಂದಕ್ಕೆ ಹೋಯಿತು. ಸಜ್ಜಿಗೆ ಎಲೆಗೆ ಬಿತ್ತು. ಕೇಶವಮೂರ್ತಿ ಒಂದು ಕ್ಷಣ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ತುಟಿ ಅದುರಿತು. ಅಳುತ್ತಾರೆಂದುಕೊಂಡೆ. ಮನುಷ್ಯ ನಕ್ಕುಬಿಟ್ಟರು. ಅವರ ನಗು ನನಗೆ ಹತ್ತಿತು, ನನ್ನದು ಪಕ್ಕದವರಿಗೆ ಹತ್ತಿತು, ಯಾಕೆಂದು ಗೊತ್ತಿಲ್ಲದೆ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಗದ್ದಲದಲ್ಲಿ ಅಮೆರಿಕ ತಲೆ ತಗ್ಗಿಸಿ ತುತ್ತಿನ ಮೇಲೆ ತುತ್ತು ತಿನ್ನುತ್ತಿದ್ದುದನ್ನು ಯಾರೂ ಎಣಿಸಲಿಲ್ಲ. ಬೋಗುಣಿ ನಾಲ್ಕು ಸಲ ಆ ಎಲೆಯ ಹತ್ತಿರ ಬಂದು ಹೋಯಿತು. ಬಡಿಸುವವರು ನಮ್ಮವರಾದರೆ ಯಾವ ಪಂಕ್ತಿಯಲ್ಲಿ ಕೂತರೂ ಸರಿ ಎನ್ನುವುದು ಸುಳ್ಳಲ್ಲ.

ಅಪ್ಪನಿಗೆ ಮಾತ್ರ ಗೊತ್ತುವಳಿಯದೇ ಚಿಂತೆ. ಬೇರೆಯವರು ತಿಂದು ಕೈ ತೊಳೆದು ಬಂದ ಕೂಡಲೇ, ಯಾರೂ ಮೆಟ್ಟಿಲಿಳಿಯುವ ಮೊದಲೇ, ಮತಕ್ಕೆ ಹಾಕಿದರು. ಪರವಾಗಿ ಹದಿನಾಲ್ಕು, ವಿರೋಧವಾಗಿ ಹದಿನಾಲ್ಕು. ಉಳಿದವರು ಇನ್ನೂ ಎಲೆಯ ಮುಂದಿದ್ದ ಕೇಶವಮೂರ್ತಿ ಒಬ್ಬರೇ. ಅವರು ಬಾಯಿ ತುಂಬಿಕೊಂಡೇ ಪರವಾಗಿ ಎಡಗೈ ಎತ್ತಿದರು. ಎಡಗೈಯಲ್ಲಿ ಹಾಕಿದ ಮತ ಮಂಗಳವಲ್ಲ, ನಡೆಯುವುದಿಲ್ಲ ಎಂದರು ಅಪ್ಪ. ಬಲಗೈ ಎತ್ತಿದರೆ ಅದು ಎಂಜಲು, ಅದೂ ನಡೆಯುವುದಿಲ್ಲ. ಕೈ ತೊಳೆದು ಬನ್ನಿ ಎಂದರೆ, ಎಲೆಯಲ್ಲಿ ಇನ್ನೂ ಇದೆ, ಅರ್ಧದಲ್ಲಿ ಏಳುವುದು ಅನ್ನಕ್ಕೆ ಅವಮಾನ ಎಂದು ಹಿರಿಯರೊಬ್ಬರು ತಡೆದರು. ಸಮಸಮವಾದ್ದರಿಂದ ಅಧ್ಯಕ್ಷರೇ ಒಂದು ಮತ ಹಾಕಬೇಕಾಯಿತು. ಅಮೆರಿಕದಂತಹ ದೇಶದ ವಿಷಯವನ್ನು ಒಬ್ಬನೇ ತೀರ್ಮಾನಿಸುವ ಧೈರ್ಯ ಅಪ್ಪನಿಗೆ ಬರಲಿಲ್ಲ. ಉಪಸಮಿತಿಯೊಂದನ್ನು ನೇಮಿಸಿ ವಿಷಯವನ್ನು ಮುಂದೂಡಿದರು.

ಜನ ಇಳಿದು ಹೋಗುವಾಗ ನಾನು ಎಲೆಗಳನ್ನು ಎತ್ತಲು ನಿಂತೆ. ಕೊರಗಪ್ಪನವರು ಖಾಲಿ ಬೋಗುಣಿ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ಎಷ್ಟು ದಿವಸದಿಂದ ಎಂದು ಮೆಲ್ಲಗೆ ಕೇಳಿದರು. ನಾನು ಹೇಳಕೂಡದು ಎಂದೆ. ಅವರು ತಲೆಯಾಡಿಸಿದರು.

“ಕಲ್ಕತ್ತದಲ್ಲಿ ಕೇಳಿದವರಿಗೆ ಕೊಡ್ಲಿಲ್ಲ, ಪಂಕಜಮ್ಮ. ಇಲ್ಲಿ ಕೇಳದವನಿಗೆ ಕೊಡ್ಲಿಲ್ಲ. ಮತ್ತೆ ಇಷ್ಟು ವರ್ಷ ನಾನು ಬಡಿಸಿದ್ದು ಯಾರಿಗೆ?”

ಅವರ ಕೈಯಿಂದ ಬೋಗುಣಿ ತೆಗೆದುಕೊಂಡು ನಾನೇ ಕೆಳಗೆ ಒಯ್ದೆ. ಮಾರನೆಯ ದಿನದಿಂದ ಅವರು ಗಿರಾಕಿಗಳನ್ನು ಕೇಳುವುದನ್ನೇ ಬಿಟ್ಟು ಸುಮ್ಮನೆ ಬಡಿಸತೊಡಗಿದರು. ಬರೀ ಚಾ ಕುಡಿಯಲು ಬಂದ ಗುಜರಾತಿ ವ್ಯಾಪಾರಿಯೊಬ್ಬರು ಒಂದು ಸೌಟು ಸಾಂಬಾರು ಎದುರಿಗೆ ಬಂದದ್ದನ್ನು ಕಂಡು ಎದ್ದು ಓಡಿದರಂತೆ.

ಸೋಮವಾರ ಸಂಜೆ ಕುರ್ಲಾ ಸ್ಟೇಷನ್ನಿನಲ್ಲಿ ನಾನು ಎರಡು ಲೋಕಲ್‌ಗಳನ್ನು ಬೇಕೆಂದೇ ಬಿಟ್ಟೆ. ಮೂರನೆಯದು ವಿಕ್ರೋಳಿ ಕಡೆಯಿಂದ ಬಂತು. ಕೇಶವಮೂರ್ತಿ ಇಳಿದರು. ಬೆರಳಿಗೆಲ್ಲ ಇಂಡಿಯನ್ ಇಂಕು ಮೆತ್ತಿತ್ತು. ಸಂಜೆಯವರೆಗೂ ನಿಂತೇ ಬರೆದರಂತೆ, ಒಂದನೆಯ ತಾರೀಖಿನಿಂದ ಬರಲು ಹೇಳಿದರಂತೆ. ನನಗೆ ಪ್ಲಾಟ್‌ಫಾರ್ಮೇ ಒಂದು ಸುತ್ತು ತಿರುಗಿದಂತಾಯಿತು. ಆಮೇಲೆ ಅವರು ಹುಬ್ಬು ಗಂಟು ಹಾಕಿ, ನೀವು ಮಾತಿಗೆ ತಪ್ಪಿದಿರಿ, ಸಂಘದಲ್ಲಿ ಹೇಳಿದಿರಿ ಎಂದರು. ನಾನು ಅಮೆರಿಕದ ವಿಷಯ ಹೇಳಿದೆ ಎಂದೆ.

ಆ ಜೂನ್ ತಿಂಗಳಲ್ಲಿ ಅಮೆರಿಕ ಗೋಧಿಗೆ ಒಪ್ಪಿಗೆ ಕೊಟ್ಟಿತು. ಆಗಲೂ ನಮ್ಮ ಉಪಸಮಿತಿ ಒಂದು ಸಲವೂ ಸೇರಿರಲಿಲ್ಲ. ಅಪ್ಪನ ಉದ್ದನೆಯ ಲಕೋಟೆಯಲ್ಲಿ ಅಮ್ಮ ರೇಷನ್ ಕಾರ್ಡು ಇಡುತ್ತಿದ್ದಳು.

ಆದರೆ ಅದು ಆಮೇಲಿನ ಮಾತು. ಆ ಸೋಮವಾರ ಒಂದನೆಯ ತಾರೀಖಿಗೆ ಇನ್ನೂ ಎರಡು ವಾರವಿತ್ತು, ಬೆಲ್ಟು ಇನ್ನೂ ಕೊನೆಯ ತೂತಿನಲ್ಲೇ ಇತ್ತು. ನಾನು ಡಬ್ಬಿ ತೆಗೆದೆ. ಬೆಳಿಗ್ಗೆಯೇ ಯೋಚಿಸಿ ನಾಲ್ಕು ಚಪಾತಿ ಉಳಿಸಿಕೊಂಡಿದ್ದೆ. ಬೇಡ, ಈಗ ತಾನೇ ಆಯಿತು ಎಂದರು. ನಮ್ಮ ಬೀದಿಯ ಆ ಇಬ್ಬರು ಗುಮಾಸ್ತರು ಅಂದೂ ಅಲ್ಲೇ ಇದ್ದರು, ಮಾತು ನಿಲ್ಲಿಸಿ ನಮ್ಮ ಕಡೆಗೇ ತಿರುಗಿದರು. ನಾನು ಆ ಗುಮಾಸ್ತರಿಗೂ ಕೇಳಿಸುವ ಹಾಗೆ ಎರಡನೆಯ ಸಲ ತಿನ್ನಿ ಎಂದೆ. ಬೇಡ ಎಂದರು. ಮೂರನೆಯ ಸಲ ಕೇಳಲಿಲ್ಲ, ಅಡ್ಡ ಹಿಡಿದ ಕೈಯನ್ನು ಹಿಡಿದು ಚಪಾತಿ ಇಟ್ಟೆ.